ಬಲ್ಬು ಇಲ್ಲದ ಗಾಡಿ ಮುಟ್ಟದವರು

ಆಲ್ದೂರಿನ ಜೀಪ್ ಮೆಕ್ಯಾನಿಕ್ ಸಾಬರು ತೀರಿಕೊಂಡ ಮೇಲೆ ಅವರನ್ನು ಹೊಗಳುವವರು ಎಲ್ಲೆಲ್ಲಿಂದಲೋ ಹುಟ್ಟಿಕೊಂಡಿದ್ದಾರೆ. ಬಹಳ ಸಾಧುವಂತೆ, ಯಾರಿಗೂ ಎದುರಾಡಿದವರಲ್ಲವಂತೆ, ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡಿಕೊಡುತ್ತಿದ್ದರಂತೆ. ಹೋದ ವಾರ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಪಕ್ಕದ ಮೇಜಿನವರು ಹೀಗೆ ಮಾತಾಡಿಕೊಳ್ಳುವುದನ್ನು ಕೇಳಿ ನನಗೆ ಮೈ ಉರಿಯಿತು. ಆ ಮನುಷ್ಯ ಎದುರಾಡದೆ ಕಳೆದ ಒಂದು ದಿನವನ್ನೂ ನಾನು ಕಂಡಿಲ್ಲ. ಸತ್ತ ಮೇಲೆ ಒಬ್ಬರನ್ನು ಹೀಗೆ ಮೆತ್ತಗೆ ಮಾಡಿಬಿಡುವುದು ಅನ್ಯಾಯ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಹೆಸರು ಹಿಡಿದು ಕರೆದವರೂ ಯಾರೂ ಇರಲಿಲ್ಲ. ನಮಗೆಲ್ಲ ಅವರು ಸಾಬರು ಅಷ್ಟೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಆಲ್ದೂರಿನಿಂದ ಆರೇಳು ಮೈಲಿ ಒಳಗಿದ್ದ ಒಂದು ಕಾಫಿ ಎಸ್ಟೇಟಿನಲ್ಲಿ ಜೀಪ್ ಡ್ರೈವರ್ ಆಗಿದ್ದೆ. ಆಲ್ದೂರಿನ ಹೊರಗೆ, ಚಿಕ್ಕಮಗಳೂರು ರಸ್ತೆಯ ಅಂಚಿನಲ್ಲಿ ಅವರ ತಗಡಿನ ಶೆಡ್ಡು. ಎತ್ತರದ ಆಳು, ಬಡಕಲು ಮೈ, ಹೆಗಲ ಮೇಲೆ ಸದಾ ಒಂದು ಟವೆಲು. ಜೀಪು ಹತ್ತುವ ಮೊದಲು ಚಪ್ಪಲಿಯನ್ನು ಕೆಳಗೆ ಬಿಟ್ಟು ಹತ್ತುವ ಮೆಕ್ಯಾನಿಕ್ಕನ್ನು ನಾನು ನೋಡಿದ್ದು ಅವರೊಬ್ಬರನ್ನೇ. ಭಕ್ತಿ ಗಿಕ್ತಿ ಏನೂ ಅಲ್ಲ. ಬರಿಗಾಲಿಗೆ ಪೆಡಲಿನ ನಡುಕ ಸರಿಯಾಗಿ ಗೊತ್ತಾಗುತ್ತದೆ ಎನ್ನುತ್ತಿದ್ದರು.

ಈಗಿನ ಗಾಡಿಗಳಲ್ಲಿ ಕೀ ತಿರುಗಿಸಿದರೆ ಡ್ಯಾಶ್‌ಬೋರ್ಡಿನ ತುಂಬ ದೀಪ. ನಮ್ಮ ಜೀಪುಗಳಲ್ಲಿ ಇದ್ದದ್ದು ಎರಡೇ ಎರಡು ಕೆಂಪು ದೀಪ, ಶರ್ಟಿನ ಗುಂಡಿಯಷ್ಟು ದೊಡ್ಡವು. ಒಂದು ಇಂಜಿನ್ ಆಯಿಲಿನದು, ಇನ್ನೊಂದು ಬ್ಯಾಟರಿ ಚಾರ್ಜಿನದು. ಕೀ ತಿರುಗಿಸಿದಾಗ ಎರಡೂ ಹತ್ತಬೇಕು, ಇಂಜಿನ್ ಶುರುವಾದ ಕೂಡಲೆ ಎರಡೂ ಆರಬೇಕು. ಓಡುತ್ತಿರುವಾಗ ಆಯಿಲಿನ ದೀಪ ಹತ್ತಿತೆಂದರೆ ಅಲ್ಲೇ ಗಾಡಿ ನಿಲ್ಲಿಸಬೇಕು. ಚಾರ್ಜಿನದು ಹತ್ತಿದರೆ ಮನೆ ಸೇರುವವರೆಗೆ ಸಮಯವಿದೆ ಎಂದರ್ಥ. ವಿದ್ಯೆ ಇಷ್ಟೇ. ಆದರೆ ಈ ಎರಡು ದೀಪಗಳ ವಿಷಯದಲ್ಲಿ ಸಾಬರಿಂದ ಬೈಸಿಕೊಳ್ಳದ ಡ್ರೈವರು ಆಲ್ದೂರಿನಿಂದ ಬಾಳೆಹೊನ್ನೂರಿನವರೆಗೆ ಒಬ್ಬನೂ ಇರಲಿಲ್ಲ.

ಗಾಡಿ ತಂದು ನಿಲ್ಲಿಸಿ ದೀಪ ಹತ್ತುತ್ತಿದೆ ಎಂದರೆ ಬೇರೆಯವರು ಬಾನೆಟ್ ಎತ್ತುತ್ತಿದ್ದರು. ಇವರು ಡ್ರೈವರನ್ನು ಬೆಂಚಿನ ಮೇಲೆ ಕೂರಿಸುತ್ತಿದ್ದರು. ಎಲ್ಲಿಂದ ಹೊರಟೆ, ಹಿಂದೆ ಎಷ್ಟು ಭಾರ ಇತ್ತು, ದೀಪ ಹತ್ತಿದ್ದು ಏರಿನಲ್ಲೋ ಇಳಿಜಾರಿನಲ್ಲೋ, ಪೂರ್ತಿ ಹತ್ತಿತೋ ಮಿಣುಕಿತೋ, ಆಕ್ಸಿಲರೇಟರ್ ಒತ್ತಿದರೆ ಆರಿತೋ ಇಲ್ಲವೋ. ಪೊಲೀಸ್ ಸ್ಟೇಷನ್ನಿನಲ್ಲೂ ಅಷ್ಟು ಪ್ರಶ್ನೆ ಕೇಳುವುದಿಲ್ಲ. ಗೊತ್ತಿಲ್ಲ ಎಂದವರಿಗೆ, ಹೋಗಿ ನೋಡಿಕೊಂಡು ಬಾ ಎಂದು ಬಂದ ದಾರಿಯಲ್ಲೇ ವಾಪಸು ಕಳಿಸಿದ್ದೂ ಉಂಟು. ಆಮೇಲೆ ಚಪ್ಪಲಿ ಬಿಟ್ಟು ಹತ್ತಿ, ಟವೆಲಿನ ತುದಿಯಿಂದ ದೀಪದ ಗಾಜು ಒರೆಸಿ, ಕೀ ತಿರುಗಿಸಿ ಎರಡೂ ಹತ್ತುತ್ತವೆಯೇ ನೋಡುತ್ತಿದ್ದರು. ಅದು ಮೊದಲನೆಯ ಕೆಲಸ. ಹತ್ತದಿದ್ದರೆ ಬಲ್ಬು ಹಾಕುವ ತನಕ ಮುಂದಿನ ಕೆಲಸವಿಲ್ಲ, ಗಾಡಿ ಯಾರದ್ದೇ ಇರಲಿ.

ಒಮ್ಮೆ ಕಳಸದ ಕಡೆಯ ಒಬ್ಬ ಡಾಕ್ಟರು ಅಲ್ಲಿಂದ ಅಷ್ಟು ದೂರ ಜೀಪು ಓಡಿಸಿಕೊಂಡು ಬಂದಿದ್ದರು. ದಿನಾ ಬೆಳಿಗ್ಗೆ ಚಾರ್ಜಿನ ದೀಪ ಕಾಲು ಗಂಟೆ ಹತ್ತಿರುತ್ತದೆ, ಆಮೇಲೆ ತಾನಾಗಿ ಆರುತ್ತದೆ. ಮೂರು ಕಡೆ ತೋರಿಸಿ, ಡೈನಮೊ ಬದಲಾಯಿಸಿ, ಬ್ಯಾಟರಿಯನ್ನೂ ಹೊಸದು ಹಾಕಿಸಿಯಾಗಿತ್ತು. ಸಾಬರು ಗಾಡಿ ಮುಟ್ಟಲಿಲ್ಲ. ಡಾಕ್ಟರನ್ನೂ ಬೆಂಚಿನ ಮೇಲೆ ಕೂರಿಸಿದರು. ಮನೆಯಿಂದ ಹೊರಟ ಮೇಲೆ ಮೊದಲು ಏನು ಸಿಗುತ್ತದೆ ಎಂದು ಕೇಳಿದರು. ಗೇಟು, ಆಮೇಲೆ ಹಳ್ಳ. ಹಳ್ಳಕ್ಕೆ ಸೇತುವೆ ಇದೆಯೇ? ಇಲ್ಲ, ನೀರಿನಲ್ಲೇ ದಾಟಬೇಕು. ಸಾಬರು ಎದ್ದು ಹೋಗಿ ಡೈನಮೊ ತಿರುಗಿಸುವ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಸಡಿಲವಾಗಿತ್ತು. ಹಳ್ಳದ ನೀರು ಹಾರಿ ಬೆಲ್ಟು ಒದ್ದೆಯಾಗಿ ಜಾರುತ್ತಿತ್ತು, ಒಣಗಿದ ಮೇಲೆ ಹಿಡಿಯುತ್ತಿತ್ತು. ಬೆಲ್ಟು ಬಿಗಿ ಮಾಡಿ, ಹಳೆಯ ಟ್ಯೂಬಿನ ತುಂಡೊಂದನ್ನು ನೀರಿಗೆ ಅಡ್ಡ ಕಟ್ಟಿದರು. ಡಾಕ್ಟರು ಕೈಮುಗಿಯಲು ಹೋದರೆ, ನೀವು ರೋಗಿಯನ್ನು ಮಾತಾಡಿಸದೆ ಔಷಧಿ ಕೊಡುತ್ತೀರಾ ಎಂದು ಅವರಿಗೇ ಒಂದು ಮಾತು ಬಿಟ್ಟರು.

ಅಧಿಕಾರಿಯೊಬ್ಬರ ಕತೆ ಇನ್ನೂ ಚೆನ್ನಾಗಿದೆ. ಯಾವ ಇಲಾಖೆ ಎಂಬುದು ಬೇಡ. ಯಾರೋ ದೊಡ್ಡವರು ಬರುವವರಿದ್ದರು, ಅವರನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋಗಬೇಕಿತ್ತು, ಆಯಿಲಿನ ದೀಪ ಮಿಣುಕುತ್ತಿತ್ತು. ಸದ್ಯಕ್ಕೆ ಅದೊಂದು ಕಾಣದ ಹಾಗೆ ಮಾಡಿಕೊಡಿ, ಆಮೇಲೆ ನಿಧಾನಕ್ಕೆ ನೋಡೋಣ ಎಂದರು ಅಧಿಕಾರಿ. ಸಾಬರು ಹೇಳಿದ್ದು ನನ್ನ ಕಿವಿಯಾರೆ ಕೇಳಿದ್ದೇನೆ. ‘ದೀಪ ಆರ್ಸೋದು ಎಂತ ಕಷ್ಟ ಸಾರ್, ವೈರು ಕಿತ್ರೆ ಮುಗೀತು. ಆದ್ರೆ ಅದು ಬೈತಾ ಇಲ್ಲ, ಹೇಳ್ತಾ ಇದೆ. ಹೇಳೋರ ಬಾಯಿ ಮುಚ್ಚೋ ಕೆಲ್ಸ ನಂದಲ್ಲ.’ ಅಧಿಕಾರಿ ಅವತ್ತು ಬಸ್ಸಿನಲ್ಲಿ ಹೋದರು.

ಇದನ್ನೆಲ್ಲ ಓದಿ ಅವರು ಎಂದೂ ತಪ್ಪದ ದೊಡ್ಡ ಪಂಡಿತರು ಎಂದುಕೊಳ್ಳಬೇಡಿ. ನನ್ನ ಜೀಪಿನ ಆಯಿಲ್ ದೀಪ ಒಮ್ಮೆ ಆರುವುದನ್ನೇ ಬಿಟ್ಟಾಗ, ಇಂಜಿನ್ನಿಗೆ ಸಿಕ್ಕಿಸಿರುವ ಪ್ರೆಶರ್ ಸ್ವಿಚ್ಚು ಕೆಟ್ಟಿದೆ ಎಂದು ಖಡಾಖಂಡಿತವಾಗಿ ಹೇಳಿ ಹೊಸದು ಹಾಕಿದ್ದರು. ಎರಡು ದಿನಕ್ಕೆ ಮತ್ತೆ ಹತ್ತಿತು. ನಾನೇ ಹುಡುಕಿದಾಗ ವೈರನ್ನು ಇಲಿ ಕಡಿದು, ತಾಮ್ರ ಗಾಡಿಯ ಕಬ್ಬಿಣಕ್ಕೆ ತಾಗುತ್ತಿತ್ತು. ಸಿಕ್ಕಿದ್ದೇ ಸಂದರ್ಭವೆಂದು ಪೇಟೆಯಲ್ಲಿ ನಾಲ್ಕು ಜನರೆದುರು ಆಡಿಕೊಂಡೆ. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ತೋಟದ ಗೇಟಿನಲ್ಲಿಳಿದು ಕೆಲಸದವರ ಮನೆಸಾಲಾದ ಲೈನಿನ ತನಕ ನಡೆದು ಬಂದರು. ಜಗಳಕ್ಕೇ ಬಂದರೆಂದು ನಾನು ಲುಂಗಿ ಎತ್ತಿ ಕಟ್ಟಿದ್ದೆ. ‘ವೈರು ಬಿಚ್ಚಿ ನೋಡ್ದೆ ಸ್ವಿಚ್ಚು ಅಂದೆ. ನಂದೇ ತಪ್ಪು’ ಎಂದರು. ಕಾಫಿಗೆ ಕರೆದರೂ ನಿಲ್ಲದೆ, ಬಂದ ದಾರಿಯಲ್ಲಿ ಹೋದರು.

ಇನ್ನು ನನ್ನ ವಿಷಯಕ್ಕೆ ಬರಬೇಕು. ಇದನ್ನು ಹೇಳಲು ಇಂದಿಗೂ ನಾಚಿಕೆಯಾಗುತ್ತದೆ.

ತೋಟದ ಡ್ರೈವರುಗಳಲ್ಲಿ ಒಂದು ಅಭ್ಯಾಸವಿತ್ತು. ಇಳಿಜಾರು ಸಿಕ್ಕಿದರೆ ಇಂಜಿನ್ ನಿಲ್ಲಿಸಿ ನ್ಯೂಟ್ರಲ್ಲಿನಲ್ಲಿ ಬಿಡುವುದು. ಮ್ಯಾನೇಜರುಗಳು ಡೀಸೆಲನ್ನು ಅಳೆದು ಕೊಡುತ್ತಿದ್ದ ಕಾಲ, ಗುಡ್ಡದ ಮೇಲಿನ ಬಂಗಲೆಯಿಂದ ಟಾರು ರಸ್ತೆಗೆ ನಾಲ್ಕು ಮೈಲಿ ಇಳಿಜಾರು, ಬೇರೆ ಏನು ಮಾಡುತ್ತಾರೆ? ಡೀಸೆಲ್ ಜೀಪನ್ನು ನಿಲ್ಲಿಸುವುದು ಕೀಯಿಂದ ಅಲ್ಲ, ಒಂದು ಗುಂಡಿ ಎಳೆದು. ಹಾರನ್ನಿಗಾಗಿ ಕೀ ಹಾಕಿಯೇ ಇರುತ್ತಿದ್ದೆವು. ಹಾಗಾಗಿ ಇಂಜಿನ್ ನಿಂತ ಕೂಡಲೆ ಎರಡೂ ಕೆಂಪು ದೀಪ ಹತ್ತಿ, ಇಳಿಜಾರು ಮುಗಿಯುವ ತನಕ ಉರಿಯುತ್ತಿದ್ದವು. ನಮ್ಮ ಸಾಹುಕಾರರಿಗೆ ಗಾಡಿಯ ಬಗ್ಗೆ ಹೆಚ್ಚೇನೂ ಗೊತ್ತಿರಲಿಲ್ಲ, ಕೆಂಪು ಕಂಡರೆ ಗಾಬರಿ ಮಾತ್ರ ಇತ್ತು. ಪಕ್ಕದಲ್ಲಿ ಕೂತಾಗ ಒಮ್ಮೆ ಅದೇನು ಎಂದು ಕೇಳಿದರು. ಮಾರನೆಯ ದಿನ ಮ್ಯಾನೇಜರು ನನ್ನನ್ನು ಕರೆದು, ಆ ಬಲ್ಬುಗಳನ್ನು ತೆಗೆದುಬಿಡು, ಸಾಹುಕಾರರು ಕೂತಾಗ ಸುಮ್ಮನೆ ತಲೆನೋವು ಎಂದರು. ಬಾಯಿಮಾತು, ಹತ್ತಿರ ಯಾರೂ ಇರಲಿಲ್ಲ. ನಾನು ತೆಗೆದೆ. ಮ್ಯಾನೇಜರು ಸಾಹುಕಾರರ ಹೆಂಡತಿಯ ತಮ್ಮ, ನನಗೆ ಇಪ್ಪತ್ತನಾಲ್ಕು ವರ್ಷ, ತೆಗೆಯುವುದಿಲ್ಲ ಎನ್ನುವ ಯೋಚನೆಯೂ ಬರಲಿಲ್ಲ.

ಸಾಬರು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಇಂಜಿನ್ ನೋಡಲು ತೋಟಕ್ಕೆ ಬಂದವರು ನನ್ನ ಜೀಪಿನ ಕ್ಲಚ್ಚನ್ನೂ ನೋಡಲೆಂದು ಹತ್ತಿ ಕೀ ತಿರುಗಿಸಿದರು. ದೀಪ ಹತ್ತಲಿಲ್ಲ. ಜೇಬಿನಿಂದ ಬಲ್ಬು ತೆಗೆದರು. ಅಲ್ಲೇ ನಿಂತಿದ್ದ ಮ್ಯಾನೇಜರು ಬೇಡ, ಅದು ಹಾಗೇ ಇರಲಿ, ನಾನೇ ಹೇಳಿದ್ದು ಎಂದರು. ಸಾಬರು ಸ್ಪ್ಯಾನರುಗಳನ್ನು ಚೀಲಕ್ಕೆ ಹಾಕಿ, ಚಪ್ಪಲಿ ಮೆಟ್ಟಿ ಹೊರಟುಬಿಟ್ಟರು. ಅಂದಿನಿಂದ ನನ್ನದು, ಮ್ಯಾನೇಜರದು, ತೋಟದ ಎರಡೂ ಜೀಪುಗಳ ಕೆಲಸ ಚಿಕ್ಕಮಗಳೂರಿಗೆ ಹೋಯಿತು. ಲಾರಿ, ಟ್ರ್ಯಾಕ್ಟರು, ಪಲ್ಪರು ಮಾತ್ರ ಸಾಬರ ಪಾಲಿಗೆ ಉಳಿದವು. ಅಷ್ಟರಲ್ಲೇ ಅವರ ಸಂಸಾರ ನಡೆಯುತ್ತಿತ್ತು, ಯಾಕೆಂದರೆ ಸಾಹುಕಾರರ ಅಣ್ಣತಮ್ಮಂದಿರ ತೋಟಗಳ ಗಾಡಿಗಳೂ ಅವರಲ್ಲಿಗೇ ಬರುತ್ತಿದ್ದವು.

ಆ ವರ್ಷದ ಕೊಯ್ಲಿನಲ್ಲಿ, ಜೀಪಿನ ಹಿಂದೆ ಟ್ರೈಲರ್ ಕಟ್ಟಿ ಪಾರ್ಚ್‌ಮೆಂಟ್, ಅಂದರೆ ಸಿಪ್ಪೆ ಬಿಡಿಸಿ ಒಣಗಿಸಿದ ಕಾಫಿಬೀಜದ ಮೂಟೆಗಳನ್ನು ಚಿಕ್ಕಮಗಳೂರಿನಲ್ಲಿ ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸಿಗೆ ಒಯ್ಯುತ್ತಿದ್ದೆ. ಬೆಳಿಗ್ಗೆ ಆಯಿಲ್ ಕಡ್ಡಿ ಎತ್ತಿ ನೋಡಿಯೇ ಹೊರಟಿದ್ದೆ. ತೋಟದ ರಸ್ತೆಯಲ್ಲಿ ಒಂದು ಕಲ್ಲು ಅಡಿಗೆ ಬಡಿದ ಸದ್ದೂ ಕೇಳಿತ್ತು. ಅಂಥ ಕಲ್ಲು ದಿನಕ್ಕೆ ಹತ್ತು ಬಡಿಯುತ್ತವೆ. ವಸ್ತಾರೆ ದಾಟಿ ಏರು ಹತ್ತುವಾಗ ಇಂಜಿನ್ ಒಂದು ಸಲ ಕಿರುಚಿ ಗಟ್ಟಿಯಾಗಿ ಹಿಡಿದುಕೊಂಡಿತು. ಇಳಿದು ಬಗ್ಗಿ ನೋಡಿದರೆ ಆಯಿಲ್ ಚೇಂಬರಿನ ಕೆಳಗಿನ ಬೋಲ್ಟು ಸಡಿಲವಾಗಿ ಆಯಿಲೆಲ್ಲ ದಾರಿಯುದ್ದಕ್ಕೂ ಸುರಿದು ಹೋಗಿತ್ತು. ಇಂಜಿನ್ ಸೀಜ್. ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿ ಹತ್ತಿರದ ಶೆಡ್ಡಿಗೆ ತರಬೇಕಾಯಿತು. ಹತ್ತಿರದ್ದು ಸಾಬರದ್ದೇ.

ಮ್ಯಾನೇಜರು ಸಂಜೆಯೇ ನನ್ನನ್ನು ಕರೆಸಿದರು. ಭಾನುವಾರ ಸಾಹುಕಾರರು ವಿಚಾರಿಸುತ್ತಾರೆ, ಬಲ್ಬು ತೆಗೆಯಲು ನಾನು ಯಾವತ್ತೂ ಹೇಳಿಲ್ಲ, ಹೇಳಿದೆ ಎಂದು ನೀನು ಅಂದರೆ ಈ ಕೆಲಸ ಹೋಗುವುದು ಹಾಗಿರಲಿ, ಸುತ್ತಲಿನ ಯಾವ ತೋಟದಲ್ಲೂ ಸ್ಟಿಯರಿಂಗ್ ಮುಟ್ಟದ ಹಾಗೆ ಮಾಡುತ್ತೇನೆ ಎಂದರು. ಅದು ಬರೀ ಬೆದರಿಕೆಯಲ್ಲ ಎಂದು ನನಗೆ ಗೊತ್ತಿತ್ತು. ನನಗೆ ಬರುತ್ತಿದ್ದದ್ದು ಡ್ರೈವಿಂಗ್ ಒಂದೇ, ಅಪ್ಪ ಅಮ್ಮ ಇಬ್ಬರೂ ಅದೇ ತೋಟದ ಲೈನಿನಲ್ಲಿದ್ದರು.

ಸಾಬರ ಹತ್ತಿರ ಓಡಿದೆ. ಬಲ್ಬು ತಾನಾಗಿ ಸುಟ್ಟುಹೋಗಿತ್ತು ಎಂದು ಒಂದು ಮಾತು ಹೇಳಿ, ಯಾರ ತಪ್ಪೂ ಅಲ್ಲದ ಹಾಗೆ ಆಗುತ್ತದೆ, ನಾನು, ಮ್ಯಾನೇಜರು ಇಬ್ಬರೂ ಬಚಾವಾಗುತ್ತೇವೆ ಎಂದು ಗೋಗರೆದೆ. ಅವರು ನನ್ನ ಜೀಪಿನ ಇಂಜಿನ್ನಿನ ಅಡಿಯಿಂದ ತಲೆ ಹೊರಗೆ ಹಾಕಿದರು.

‘ಈಗ ಒಂದು ಗಂಟೆ ಮುಂಚೆ ನಿಮ್ಮ ಮ್ಯಾನೇಜರು ಬಂದಿದ್ರು’ ಎಂದರು. ‘ಡ್ರೈವರು ಆಯಿಲೇ ನೋಡ್ತಿರ್ಲಿಲ್ಲ ಅಂತ ಹೇಳ್ಬೇಕಂತೆ. ಈಗ ನೀನು ಬಂದು ಬಲ್ಬು ಸುಟ್ಟಿತ್ತು ಅಂತ ಹೇಳು ಅಂತಿದೀಯ. ಇಬ್ರೂ ಸೇರಿ ನನ್ನ ಎಂತ ಅಂದ್ಕೊಂಡಿದೀರ ಮಾರಾಯ?’

ಹಾಗಾದರೆ ಏನು ಹೇಳುತ್ತೀರಿ ಎಂದು ಕೇಳಿದೆ. ಭಾನುವಾರ ಬಂದಾಗ ಕೇಳಿಸಿಕೋ ಎಂದು ಮತ್ತೆ ತಲೆ ಒಳಗೆ ಹಾಕಿದರು. ಆವತ್ತು ಅವರನ್ನು ನಾನು ಎಷ್ಟು ಶಪಿಸಿದೆನೆಂದರೆ, ಅದನ್ನೆಲ್ಲ ಇಲ್ಲಿ ಬರೆಯುವ ಹಾಗಿಲ್ಲ.

ಭಾನುವಾರ ಬಂಗಲೆಯ ಪೋರ್ಟಿಕೋದಲ್ಲಿ ಸಾಹುಕಾರರು ಕುರ್ಚಿ ಹಾಕಿಸಿ ಕೂತಿದ್ದರು. ಮ್ಯಾನೇಜರು ಪಕ್ಕದಲ್ಲಿ. ನಾನು ಮೆಟ್ಟಿಲ ಕೆಳಗೆ. ಮ್ಯಾನೇಜರು ತಮ್ಮ ಮಾತು ಮುಗಿಸಿದ್ದರು. ನನ್ನ ಅಜಾಗರೂಕತೆ, ನನ್ನ ಸೊಕ್ಕು, ಕೇಳದೆ ಬಲ್ಬು ತೆಗೆದದ್ದು, ಎಲ್ಲವೂ ಬಂದಿತ್ತು. ಸಾಬರು ಒಗೆದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು, ಹೆಗಲ ಮೇಲೆ ಅದೇ ಟವೆಲು. ಸಾಹುಕಾರರು ಅವರನ್ನು ಕೇಳಿದರು.

‘ಕಲ್ಲು ಬಡ್ದು ಬೋಲ್ಟು ಸಡಿಲ ಆಗಿದೆ ಸಾವ್ಕಾರ್ರೆ, ಗಾಯ ಹೊಸದು’ ಎಂದರು ಸಾಬರು. ‘ಅದು ಯಾರ ತಪ್ಪೂ ಅಲ್ಲ. ಆದ್ರೆ ದೀಪ ಇದ್ದಿದ್ರೆ ಆಯಿಲು ಕಮ್ಮಿ ಆದಾಗ್ಲೇ ಹತ್ತಿರೋದು, ಇಂಜಿನ್ ಉಳೀತಿತ್ತು. ಬಲ್ಬು ತೆಗ್ದ ಕೈ ಇವನ್ದೇ.’

ನನ್ನ ಕೆಲಸ ಹೋಯಿತು ಎಂದುಕೊಂಡೆ. ಮ್ಯಾನೇಜರು ಕಾಲ ಮೇಲೆ ಕಾಲು ಹಾಕಿದರು.

‘ತೆಗಿ ಅಂದ ಬಾಯಿ ಇವರ್ದು’ ಎಂದು ಸಾಬರು ಮ್ಯಾನೇಜರ ಕಡೆ ಕೈ ತೋರಿಸಿದರು. ‘ನಾನೇ ಹೇಳಿದ್ದು ಅಂತ ನನ್ನ ಎದುರಿಗೇ ಅಂದಿದಾರೆ.’

ಮ್ಯಾನೇಜರು ಎದ್ದು ನಿಂತರು. ಒಬ್ಬ ಮೆಕ್ಯಾನಿಕ್ಕಿನ ಮಾತು ನಂಬುತ್ತೀರಾ, ಜೀಪುಗಳ ಕೆಲಸ ತಪ್ಪಿಹೋಯಿತೆಂಬ ಸಿಟ್ಟಿಗೆ ಹೇಳುತ್ತಿದ್ದಾನೆ ಎಂದು ಭಾವನ ಕಡೆ ತಿರುಗಿದರು. ಅದೂ ನಂಬುವ ಹಾಗೇ ಇತ್ತು.

ಸಾಬರು ವಾದ ಮಾಡಲಿಲ್ಲ. ಪೋರ್ಟಿಕೋದ ಆಚೆ ಮ್ಯಾನೇಜರ ಸ್ವಂತ ಉಪಯೋಗದ ಜೀಪು ನಿಂತಿತ್ತು. ಅದನ್ನು ಅವರ ಹೊರತು ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ, ನನ್ನನ್ನೂ ಸೇರಿಸಿ. ಕೀ ಅದರಲ್ಲೇ ಇತ್ತು. ಸಾಬರು ಅಲ್ಲಿಗೆ ಹೋಗಿ, ಚಪ್ಪಲಿ ಬಿಟ್ಟು ಹತ್ತಿದರು. ಸಾವ್ಕಾರ್ರೆ, ಒಂದು ನಿಮಿಷ ಇಲ್ಲಿ ಬನ್ನಿ ಎಂದು ಕರೆದರು. ಸಾಹುಕಾರರು ಎದ್ದು ಹೋದರು, ನಾವೆಲ್ಲ ಹಿಂದೆ. ಸಾಬರು ಟವೆಲಿನಿಂದ ಎರಡು ಗಾಜನ್ನೂ ಒರೆಸಿದರು. ಕೀ ತಿರುಗಿಸಿದರು. ಕರೆಂಟು ಬಂದು ಡೀಸೆಲ್ ಅಳತೆಯ ಮುಳ್ಳು ಮೇಲೆದ್ದಿತು. ದೀಪ ಎರಡೂ ಹತ್ತಲಿಲ್ಲ.

‘ಇದ್ರ ಬಲ್ಬು ತೆಗ್ದೋರು ಯಾರು?’ ಎಂದು ಸಾಬರು ಕೇಳಿದರು.

ಮ್ಯಾನೇಜರ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಆದರೂ ಸಾಹುಕಾರರು ನನ್ನ ಕಡೆ ತಿರುಗಿ, ಬಲ್ಬು ತೆಗೆಯಲು ನಿನಗೆ ಇವರು ಹೇಳಿದ್ದು ಹೌದೇನೋ ಎಂದು ಕೇಳಿದಾಗ, ಹೌದು ಎಂಬ ಮಾತು ನನ್ನ ಬಾಯಿಂದ ಬಂತು. ಅಷ್ಟು ಸಣ್ಣ ದನಿಯಲ್ಲಿ ಬಂತೆಂದರೆ ಅವರು ಎರಡು ಸಲ ಕೇಳಬೇಕಾಯಿತು.

ನನ್ನ ಕೆಲಸ ಉಳಿಯಿತು. ನನ್ನನ್ನು ತೆಗೆದರೆ ಭಾವಮೈದುನನನ್ನೂ ತೆಗೆಯಬೇಕಾಗುತ್ತಿತ್ತು, ಹಾಗಾಗಿ ಇಬ್ಬರನ್ನೂ ಇಟ್ಟುಕೊಂಡರು. ಆದರೆ ಸಾಹುಕಾರರ ಸಿಟ್ಟು ಎಲ್ಲಾದರೂ ಇಳಿಯಬೇಕಲ್ಲ. ನಮ್ಮ ಮನೆ ಅಂಗಳದಲ್ಲಿ ನಿಂತು ನಮ್ಮವರ ಮಾನ ತೆಗೆದಿರಿ, ಇನ್ನು ಈ ತೋಟದ ಗಾಡಿ ಒಂದೂ ನಿಮ್ಮಲ್ಲಿಗೆ ಬರುವುದಿಲ್ಲ, ಅಣ್ಣತಮ್ಮಂದಿರಿಗೂ ಹೇಳುತ್ತೇನೆ ಎಂದರು. ಸಾಬರು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದವರು ತಲೆ ಎತ್ತಿದರು.

‘ಕಳಿಸ್ಬೇಡಿ ಸಾವ್ಕಾರ್ರೆ. ಆದ್ರೆ ಎಲ್ಲಿಗೆ ಕಳ್ಸಿದ್ರೂ ಮೊದ್ಲು ಬಲ್ಬು ಹಾಕ್ಸಿ. ಅದ್ರಲ್ಲಿ ಕೂತ್ಕೊಳ್ಳೋರು ನೀವೇ.’

ಹೇಳಿ, ಇಳಿಜಾರಿನಲ್ಲಿ ನಡೆದು ಹೋದರು. ಯಾರೂ ಅವರಿಗೆ ಗಾಡಿ ಕೊಡಲಿಲ್ಲ. ನಾಲ್ಕು ಮೈಲಿ. ಬಿಟ್ಟು ಬರುತ್ತೇನೆ ಎನ್ನಲು ನನಗೂ ಬಾಯಿ ಬರಲಿಲ್ಲ.

ಸಾಹುಕಾರರು ನುಡಿದಂತೆ ನಡೆದರು. ಒಂದೇ ತಿಂಗಳಲ್ಲಿ ಐದು ತೋಟದ ಗಾಡಿಗಳು ಸಾಬರಲ್ಲಿಗೆ ಬರುವುದು ನಿಂತಿತು. ಬಾಡಿಗೆ ಟ್ಯಾಕ್ಸಿಗಳು, ಸಣ್ಣ ಬೆಳೆಗಾರರ ಒಂದೆರಡು ಹಳೆಯ ಜೀಪುಗಳು, ಯಾರದೋ ಅಕ್ಕಿ ಗಿರಣಿಯ ಇಂಜಿನ್, ಇಷ್ಟರಲ್ಲೇ ಆ ಬೇಸಿಗೆ ಕಳೆದರು. ಬೇರೆ ಯಾರಾದರೂ ಆಗಿದ್ದರೆ ಬಂಗಲೆಗೆ ಹೋಗಿ ಕೈಕಟ್ಟಿ ನಿಲ್ಲುತ್ತಿದ್ದರು. ಇವರು ಬಂದ ಟ್ಯಾಕ್ಸಿ ಡ್ರೈವರುಗಳನ್ನೇ ಬೆಂಚಿನ ಮೇಲೆ ಕೂರಿಸಿ ಪ್ರಶ್ನೆ ಕೇಳುತ್ತಿದ್ದರು.

ನಾನು ಅವರನ್ನು ನೋಡಲು ಹೋಗುವಷ್ಟರಲ್ಲಿ ಮೂರು ತಿಂಗಳೇ ಆಗಿತ್ತು. ಅದಕ್ಕೂ ಕಾರಣ ಹೇಳುವುದಿಲ್ಲ, ಇರಲಿಲ್ಲ. ರಜೆಯ ದಿನ ಮಧ್ಯಾಹ್ನ ಬಸ್ಸಿಳಿದು ಹೋದೆ. ಶೆಡ್ಡು ಖಾಲಿ. ಅವರು ಬೆಂಚಿನ ಮೇಲೆ ಕೂತು ಒಂದು ಹಳೆಯ ಡೈನಮೊ ಬಿಚ್ಚಿಕೊಂಡಿದ್ದರು. ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡ ಮಾತನ್ನೆಲ್ಲ ಒಪ್ಪಿಸಿದೆ. ನನ್ನಿಂದಾಗಿ ನಿಮಗೆ ಹೀಗಾಯಿತು, ನನಗೋಸ್ಕರ ನೀವು ಅಷ್ಟು ದೊಡ್ಡವರನ್ನು ಎದುರು ಹಾಕಿಕೊಂಡಿರಿ, ಜನ್ಮದಲ್ಲಿ ಮರೆಯುವುದಿಲ್ಲ ಎಂದೆ.

‘ನಿಂಗೋಸ್ಕರ?’ ಎಂದರು ಸಾಬರು. ಕೈಯಲ್ಲಿದ್ದದ್ದನ್ನು ಕೆಳಗಿಟ್ಟರು. ‘ನೀನು ಯಾವ ದೊಡ್ಡ ಮನುಷ್ಯ ಅಂತ ನಿಂಗೋಸ್ಕರ ಹೇಳ್ಲಿ? ಗಾಡಿ ಬಗ್ಗೆ ಒಂದು ಸಲ ಸುಳ್ಳು ಹೇಳಿದ್ರೆ, ನಾಳೆ ನಾನು ಗಾಡಿ ನೋಡಿ ಹೇಳಿದ್ದನ್ನ ನಾನೇ ನಂಬೋಕಾಗಲ್ಲ. ಆಮೇಲೆ ಈ ಶೆಡ್ಡು ಯಾತಕ್ಕೆ?’

ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಎದ್ದು ಹೋಗಿಬಿಡೋಣ ಎನಿಸಿತು. ಅವರು ಮತ್ತೆ ಮಾತಾಡಿದರು, ಈ ಸಲ ನಿಧಾನವಾಗಿ.

‘ಒಂದು ಕೇಳ್ತೀನಿ, ನಿಜ ಹೇಳು. ಆ ದಿನ ಮ್ಯಾನೇಜರ್ ಜೀಪಿನ ದೀಪ ಹತ್ತಿದ್ರೆ, ಸಾವ್ಕಾರ್ರು ನನ್ನ ಮಾತು ನಂಬ್ದೆ ಹೋಗಿದ್ರೆ, ಆವಾಗ್ಲೂ ನೀನು ಹೌದು ಅಂತಿದ್ಯಾ?’

ಏನೇನೋ ಹೇಳಬಹುದಿತ್ತು. ಅನ್ನುತ್ತಿದ್ದೆ ಎನ್ನಬಹುದಿತ್ತು, ಗೊತ್ತಿಲ್ಲ ಎನ್ನಬಹುದಿತ್ತು. ಎದುರಿಗೆ ಕೂತವರು ಒಬ್ಬ ಬಡ ಮೆಕ್ಯಾನಿಕ್, ಅವರಿಂದ ನನಗೆ ಆಗಬೇಕಾದ್ದೂ ಏನೂ ಇರಲಿಲ್ಲ, ಹೆದರಬೇಕಾದ್ದೂ ಏನೂ ಇರಲಿಲ್ಲ. ಆದರೂ ಪೋರ್ಟಿಕೋದಲ್ಲಿ ಹೆದರಿದ್ದಕ್ಕಿಂತ ಹೆಚ್ಚು ಹೆದರಿದೆ.

‘ಇಲ್ಲ ಸಾಬ್ರೇ’ ಎಂದೆ. ‘ಅಂತಿರ್ಲಿಲ್ಲ.’

ಅವರು ಬೆಂಚಿನ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದರು.

‘ಇದನ್ನ ಬೇರೆ ಯಾರ ಸಾಕ್ಷಿನೂ ಇಲ್ದೆ ನೀನಾಗೇ ಹೇಳಿದೀಯ’ ಎಂದರು. ‘ಇದು ಸಾಕು. ಕೂತ್ಕೋ.’